ಮನೆಯಲ್ಲಿ ಎರೆದ ಗುಂಡು

ವೃತ್ತಪತ್ರಿಕೆಗೂ ಬಂದೂಕಿನ ಗುಂಡಿಗೂ ಬಾಂಧವ್ಯವುಂಟೆಂದರೆ ವಾಚಕರಲ್ಲಿ ಕೆಲವರು ನಕ್ಕಾರು. ಆದರೆ ಬಾಂಧವ್ಯವಿರುವುದು ನಿಜ. ಇದು ಅಲಂಕಾರದ ಮಾತಲ್ಲ. ಅಚ್ಚುಕೂಟದ ಮೊಳೆಗಳು ಸೀಸ, ಅಂಟಿಮನಿ, ತವರ ಎಂಬ ಮೂರು ಲೋಹಗಳ ಮಿಶ್ರಣದಿಂದ ಆದವು. 1886ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯ ಕಾರ್ಯಾಲಯದಲ್ಲಿ ಮೊದಲು ಕೆಲಸಕ್ಕೆ ಬಂದ ಮೆರ್ಗೆಂಥಾಲರನ ಲೈನೋಟೈಪ್ ಯಂತ್ರವು ಒಂದೊಂದು ಪಂಕ್ತಿಯನ್ನೂ ಕಾದ ಲೋಹದಲ್ಲಿ ಎರೆದು ಹೊರಗಿಡುತ್ತಿದ್ದಿತು. ಆ ಲೋಹದಲ್ಲಿ ನೂರಕ್ಕೆ ಸುಮಾರು 84 ಪಾಲು ಸೀಸ, 12 ಪಾಲು ಅಂಟಿಮನಿ, 4 ಪಾಲು ತವರ. 1978ರ ಜುಲೈ 2ನೆಯ ತಾರೀಖಿನ ಸಂಚಿಕೆಯೊಡನೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರು ಈ ಪದ್ಧತಿಯನ್ನು ಕೈಬಿಟ್ಟರು. ಹೀಗೆ ಊರೂರಿನ ಮುದ್ರಣಾಲಯಗಳಿಂದ ಗುಜರಿಗೆ ಬಿದ್ದ ಮೊಳೆಸೀಸವನ್ನು ಮಣಗಟ್ಟಲೆ ಕೊಂಡು ಮನೆಗೆ ಹೊತ್ತವರಲ್ಲಿ ಅಮೆರಿಕದ ಬಂದೂಕುಗಾರರೂ ಇದ್ದರು. ಆ ಗಟ್ಟಿ ಲೋಹವನ್ನು ಕರಗಿಸಿ ಅವರು ಗುಂಡು ಎರೆದುಕೊಂಡರು. ಸಂಪಾದಕನ ಲೇಖನವು ಗುರಿ ಮುಟ್ಟಿತೋ ಇಲ್ಲವೋ, ಅದರ ಸೀಸವಂತೂ ಮುಟ್ಟಿತು!

ಆ ದೇಶದಲ್ಲಿ ರೈಫಲ್ ಇಟ್ಟುಕೊಂಡವರ ಪೈಕಿ ಒಂದು ಪಂಗಡದವರು ತೋಟೆಗಳನ್ನು ಅಂಗಡಿಯಿಂದ ಕೊಳ್ಳದೆ ತಾವೇ ತುಂಬಿಕೊಳ್ಳುವರು. ತೋಟೆಯೆಂಬುದು ನಾಲ್ಕು ವಸ್ತುಗಳ ಕೂಟ: ಹಿತ್ತಾಳೆಯ ಗೂಡು, ಅದರ ಬುಡದ ಕೇಪು, ಒಳಗಿನ ಮದ್ದು, ಬಾಯಲ್ಲಿ ಕೂತ ಗುಂಡು. ಈಡು ಹಾರಿದ ಮೇಲೆ ಮೂರು ಹೋದರೂ ಹಿತ್ತಾಳೆ ಉಳಿಯುತ್ತದೆ. ಅದೇ ಅತ್ಯಂತ ಬೆಲೆಯುಳ್ಳ ಭಾಗ. ಅದನ್ನು ಎಸೆಯದೆ ಪುನಃ ತುಂಬುವುದು ಹೊಸ ಹುಚ್ಚೇನೂ ಅಲ್ಲ. 1870ರ ಈಚಿನ ದಶಕಗಳಲ್ಲಿ ಅಮೆರಿಕದ ಸರ್ಕಾರವೇ ತನ್ನ ಸಿಪಾಯಿಗಳ ಗುರಿಯಭ್ಯಾಸದ ವೆಚ್ಚವನ್ನು ತಗ್ಗಿಸಲು ದಂಡಿಗೆ ತೋಟೆ ತುಂಬುವ ಉಪಕರಣಗಳನ್ನು ಒದಗಿಸಿತ್ತು. 1884ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ನ್ಯೂಹೇವನ್ ನಗರದಲ್ಲಿ ಜಾನ್ ಬಾರ್ಲೋ ಎಂಬಾತನು ಐಡಿಯಲ್ ಎಂಬ ಹೆಸರಿನಿಂದ ಕಾರ್ಖಾನೆ ತೆರೆದು, ಇಕ್ಕಳದಾಕಾರದ ಉಪಕರಣಗಳನ್ನೂ ಗುಂಡಿನ ಅಚ್ಚುಗಳನ್ನೂ ಮಾರಿದನು. ಅಷ್ಟರಿಂದಲೇ ತೃಪ್ತನಾಗದೆ, ಅವುಗಳನ್ನು ಬಳಸುವ ಕ್ರಮವನ್ನು ಬೋಧಿಸುವ ಕೈಪಿಡಿಗಳನ್ನೂ ಪ್ರಕಟಿಸಿದನು. 1925ರಲ್ಲಿ ಆ ವ್ಯಾಪಾರವು ಲೈಮನ್ ಕಂಪನಿಯವರ ಕೈಸೇರಿತು. ಎರಕದ ಗುಂಡಿನ ವಿಷಯವಾಗಿ ಲೈಮನ್ನರು ಹೊರಡಿಸುವ ಪುಸ್ತಕವು ಈ ಕಲೆಯವರಿಗೆ ಪಂಚಾಂಗವಿದ್ದಂತೆ.

ಈ ಕೆಲಸಕ್ಕೆ ಹೊಸದಾಗಿ ಕೈಹಾಕುವವನು ಪ್ರಾಯಶಃ ಹಣ ಉಳಿಸುವ ಆಸೆಯಿಂದ ಹೊರಡುತ್ತಾನೆ. ತಾಮ್ರದ ಹೊದಿಕೆಯುಳ್ಳ ಕಾರ್ಖಾನೆಯ ಗುಂಡಿಗಿಂತ ಮನೆಯಲ್ಲಿ ಎರೆದ ಸೀಸದ ಗುಂಡು ಬಹು ಅಗ್ಗವೆಂಬುದು ನಿರ್ವಿವಾದ. ಆದರೆ ಮೂಸೆ, ಅಚ್ಚು, ತಕ್ಕಡಿ, ಅಳತೆಯ ಸಾಧನ ಇವುಗಳನ್ನೆಲ್ಲ ಕೊಂಡ ಮೇಲೆ ಉಳಿತಾಯವೆಲ್ಲಿ ಬಂತು? ಹಿಂದಿಗಿಂತ ಹೆಚ್ಚು ಈಡು ಹಾರಿಸುತ್ತಾನೆ, ಅಷ್ಟೆ. ಕಲಿತವರು ಬೇರೆ ಲಾಭವನ್ನು ಹೇಳುತ್ತಾರೆ: ತನ್ನ ಬಂದೂಕಿನ ನಳಿಗೆ ಎಂಥದು ಎಂಬುದು ಅವನಿಗೆ ಮೊದಲ ಬಾರಿಗೆ ತಿಳಿಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ಈ ವಿದ್ಯೆಯ ಸಾರವೆಲ್ಲ ಇದೊಂದರಲ್ಲಿದೆ, ಉಳಿದದ್ದು ಕೈಚಳಕ.

ಸಂಗತಿಯನ್ನು ಸ್ವಲ್ಪ ವಿವರಿಸಬೇಕು. ರೈಫಲಿನ ನಳಿಗೆಯ ಒಳಗೆ ಸುರುಳಿಯಾಗಿ ಕೊರೆದ ಗೆರೆಗಳಿರುತ್ತವೆ. ಗುಂಡು ಆ ಗೆರೆಗಳನ್ನು ಕಚ್ಚಿ, ಬುಗುರಿಯಂತೆ ತಿರುಗುತ್ತ ಹೊರಬಿದ್ದರೆ ಮಾತ್ರ ನೇರವಾಗಿ ಹೋಗುತ್ತದೆ. ತಾಮ್ರ ಹೊದಿಸಿದ ಗುಂಡು ಗಟ್ಟಿಯಾದುದರಿಂದ ಸ್ವಲ್ಪ ಸಡಿಲವಿದ್ದರೂ ಹೇಗೋ ನಡೆಯುತ್ತದೆ. ಸೀಸ ಮೆತು, 327 ಡಿಗ್ರಿ ಶಾಖಕ್ಕೇ ಕರಗುವಂಥದು. ನಳಿಗೆಗಿಂತ ಅದು ಕೂದಲೆಳೆಯಷ್ಟು ಸಣ್ಣದಾದರೂ, ಉರಿಯುವ ಮದ್ದಿನ ಗಾಳಿ ಪಕ್ಕದ ಸಂದಿನಲ್ಲಿ ನುಗ್ಗಿ ಗುಂಡಿನ ಮೈಯನ್ನು ಕೊರೆಯುತ್ತದೆ. ಕೊರೆದ ಸೀಸ ನಳಿಗೆಯ ಗೋಡೆಗೆ ಮೆತ್ತಿಕೊಳ್ಳುತ್ತದೆ. ಹತ್ತಾರು ಈಡುಗಳಲ್ಲಿ ಬಂದೂಕು ಗುರಿ ಮರೆಯುತ್ತದೆ. ಆಗ ಹೊಸಬನು ಮಾಡುವ ತಪ್ಪೇನೆಂದರೆ, ಸೀಸ ಮೆತುವಾದುದರಿಂದಲೇ ಹೀಗಾಯಿತೆಂದು ಬಗೆದು ಅಂಟಿಮನಿಯನ್ನು ಮತ್ತಷ್ಟು ಬೆರೆಸುವುದು. ಗಟ್ಟಿಯಾದ ಗುಂಡು ಸಣ್ಣದಾಗಿದ್ದರೆ ಮದ್ದಿನ ಒತ್ತಡಕ್ಕೆ ಉಬ್ಬಿ ಸಂದನ್ನು ಮುಚ್ಚಲಾರದು. ಆದುದರಿಂದ ರೋಗವು ಇಳಿಯುವ ಬದಲು ಏರುತ್ತದೆ. ಕಾಠಿಣ್ಯವು ಎರಡನೆಯ ಮಾತು, ಅಳತೆಯು ಮೊದಲನೆಯದು.

ಹಾಗಾದರೆ ಪ್ರಾರಂಭ ಮಾಡತಕ್ಕದ್ದು ಎಲ್ಲಿಂದ? ಅಚ್ಚನ್ನು ಕೊಳ್ಳುವುದರಿಂದಲ್ಲ, ನಳಿಗೆಯನ್ನು ಅಳೆಯುವುದರಿಂದ. ಬಂದೂಕು ಬರಿದಾಗಿದೆಯೆಂದು ಎರಡು ಸಲ ನೋಡಿಕೊಂಡು, ನಳಿಗೆಗೆ ತುಸು ಎಣ್ಣೆ ಸವರಿ, ಶುದ್ಧ ಸೀಸದ ಒಂದು ತುಂಡನ್ನು ಸಲಾಕೆಯಿಂದ ಮೆಲ್ಲಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ನೂಕುವರು. ಅದರ ಮೈಮೇಲೆ ಗೆರೆಗಳ ಪಡಿಯಚ್ಚು ಮೂಡುತ್ತದೆ. ಅದನ್ನು ಸೂಕ್ಷ್ಮಮಾಪಕದಿಂದ ಅಳೆಯುವರು. ಎರಕದ ಗುಂಡು ಆ ಅಳತೆಗಿಂತ ಒಂದು ಅಂಗುಲದ ಸಾವಿರದಲ್ಲೊಂದು ಅಥವಾ ಎರಡು ಪಾಲು ದಪ್ಪವಿರಬೇಕೆಂಬುದು ಬಹುಕಾಲದ ಅನುಭವದಿಂದ ನಿಂತ ನಿಯಮ. ಪೆಟ್ಟಿಗೆಯ ಮೇಲೆ ಮುದ್ರಿಸಿದ ಅಂಕಿಯನ್ನು ನಂಬಿ ಕೂತವನಿಗೆ ಇದರ ಬೆಲೆ ತಿಳಿಯದು. ಬ್ರಿಟಿಷ್ ಸೈನ್ಯದವರು ಬಳಸಿದ, ನಮ್ಮ ಇಷಾಪುರದ ಕಾರ್ಖಾನೆಯಲ್ಲಿಯೂ ತಯಾರಾದ ಲೀ-ಎನ್‌ಫೀಲ್ಡ್ ರೈಫಲಿಗೆ 303ನೆಯ ನಂಬರೆಂದು ಹೆಸರು. ಆದರೆ ಯುದ್ಧಕಾಲದ ಅವಸರದಲ್ಲಿ ಆದ ನಳಿಗೆಗಳಲ್ಲಿ ಗೆರೆಗಳ ಆಳವು ಒಂದರಂತೆ ಒಂದಿಲ್ಲ. ಹೆಸರೊಂದೇ ಆದರೂ ಜೋಡು ಹೊಲಿಯುವವನು ಪ್ರತಿಯೊಬ್ಬನ ಪಾದವನ್ನೂ ಅಳೆಯಲೇಬೇಕಲ್ಲವೇ?

ಎರಕದ ಕೆಲಸಕ್ಕೆ ಗಾಳಿಯಾಡುವ ಸ್ಥಳ ಬೇಕು, ಅಡಿಗೆಮನೆಯಂತೂ ಕೂಡದು. ಅಚ್ಚು ಎರಡು ಹೋಳಿನದು. ಮೇಲೆ ಜಾರುವ ಒಂದು ತಗಡು, ಅದರಲ್ಲಿ ಸೀಸ ಹೊಯ್ಯುವ ರಂಧ್ರ. ಮೂಸೆಯ ಲೋಹವು ಕರಗಿದೊಡನೆಯೇ ಹೊಯ್ಯಲು ತೊಡಗಬಾರದು. 370ರಿಂದ 400 ಡಿಗ್ರಿಯವರೆಗೆ ಕಾಯಬೇಕು. ಮೇಲೆ ತೇಲುವ ಬೂದುಬಣ್ಣದ ಕೆನೆಯನ್ನು ಕಸವೆಂದು ತೆಗೆದೆಸೆಯುವವರುಂಟು. ಅದರಲ್ಲಿ ಬೆಲೆಬಾಳುವ ತವರ ಇರುವುದರಿಂದ, ಚೂರು ಮೇಣವನ್ನು ಹಾಕಿ ಕಲಕಿ ಅದನ್ನು ಪುನಃ ಕರಗಿಸಿಕೊಂಡು, ಉಳಿದ ಕಿಟ್ಟವನ್ನಷ್ಟೇ ತೆಗೆಯಬೇಕು. ಅಚ್ಚು ತಣ್ಣಗಿರುವಾಗ ಎರೆದ ಗುಂಡುಗಳು ಮುದುಕನ ಕೆನ್ನೆಯಂತೆ ಸುಕ್ಕುಸುಕ್ಕಾಗುತ್ತವೆ. ಅತಿಯಾಗಿ ಕಾದರೆ ಮಂಜು ಹಿಡಿದಂತೆ ಮಬ್ಬಾಗುತ್ತವೆ. ಮಬ್ಬು ಅಷ್ಟು ದೊಡ್ಡ ದೋಷವಲ್ಲ, ಸುಕ್ಕು ದೋಷವೇ. ಅಚ್ಚು ಹದಕ್ಕೆ ಬರುವ ತನಕ ಮೊದಲಿನ ಹತ್ತಿಪ್ಪತ್ತು ಗುಂಡುಗಳು ಮೂಸೆಗೇ ಹಿಂದಿರುಗಬೇಕು. ಹೊಸಬನ ಕೈ ಇಲ್ಲಿ ತಡೆಯುತ್ತದೆ, ಮಾಡಿದ್ದನ್ನು ಕೆಡಿಸಲು ಮನಸ್ಸು ಬಾರದು. ಆದರೆ ಸೀಸದಲ್ಲಿ ಇದೊಂದು ಸೌಲಭ್ಯ: ಕೆಟ್ಟದ್ದು ಎಂದಿಗೂ ನಷ್ಟವಲ್ಲ.

ಪರೀಕ್ಷಿಸುವಾಗ ಮೂತಿಯನ್ನು ನೋಡಿ ಮೋಸಹೋಗಬಾರದು. ಮೆಸಾಚುಸೆಟ್ಸ್ ಸಂಸ್ಥಾನದ ಮಿಲ್‌ಫರ್ಡ್ ಊರಿನ ಡಾಕ್ಟರ್ ಫ್ರಾಂಕ್ಲಿನ್ ಮ್ಯಾನ್ ಎಂಬವರು ಗುಂಡಿನ ಹಾರಾಟದ ವಿಷಯದಲ್ಲಿ ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದು, 1909ರಲ್ಲಿ ತಮ್ಮ ಪ್ರಯೋಗಗಳನ್ನು ಗ್ರಂಥರೂಪವಾಗಿ ಹೊರಡಿಸಿದರು. ಗುಂಡಿನ ಬುಡದಲ್ಲಿ ಅಲ್ಪಸ್ವಲ್ಪ ಊನವಾದರೂ ಅದು ದಾರಿ ತಪ್ಪುವುದೆಂದು ಅವರು ತೋರಿಸಿಕೊಟ್ಟರು. ಕಾರಣ ಸುಲಭ: ನಳಿಗೆಯ ಬಾಯನ್ನು ಕಡೆಗೆ ಬಿಡುವುದು ಬುಡ; ಅದರ ಅಂಚು ಓರೆಯಾಗಿದ್ದರೆ ಹಿಂದಿನ ಗಾಳಿ ಒಂದು ಪಕ್ಕದಿಂದ ಮೊದಲು ಹೊರಹಾರಿ ಗುಂಡನ್ನು ಓಲಿಸುತ್ತದೆ. ಆದುದರಿಂದ ಬಲ್ಲವನು ಗುಂಡನ್ನು ತಲೆಕೆಳಗಾಗಿ ಹಿಡಿದು ನೋಡುತ್ತಾನೆ. ಇದೇ ಬುಡದ ರಕ್ಷಣೆಗಾಗಿ 20ನೆಯ ಶತಮಾನದ ಆದಿಯಲ್ಲಿ ತಾಮ್ರದ ಪುಟ್ಟ ಬಟ್ಟಲೊಂದನ್ನು ಕೆಳಗೆ ತೊಡಿಸುವ ಪದ್ಧತಿ ಬಂದಿತು. ಎಲೆಗೆ ದೊನ್ನೆಯ ಆಸರೆಯಂತೆ ಇರುವ ಈ ಅಲ್ಪವಸ್ತುವಿನಿಂದ ಎರಕದ ಗುಂಡು ಮೊದಲಿಗಿಂತ ಹೆಚ್ಚಿನ ವೇಗವನ್ನು ತಾಳುವಂತಾಯಿತು.

ಇನ್ನು ಜಿಡ್ಡಿನ ಮಾತು. ಎರಕದ ಗುಂಡಿನ ಸುತ್ತ ಒಂದೆರಡು ಕಾಲುವೆಗಳಿದ್ದು, ಅವುಗಳಲ್ಲಿ ಜಿಡ್ಡನ್ನು ತುಂಬುವರು. ನಳಿಗೆಯಲ್ಲಿ ಅದು ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯ ಕೆಲಸ ಮಾಡುತ್ತದೆ. ಭಾರತೀಯನಾದವನು ಈ ಜಿಡ್ಡಿನ ಹೆಸರನ್ನು ಕೇಳಿ ಸುಮ್ಮನಿರಲಾರನು. 1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಂಡಂನಿಂದ ಹೊರಟ ಸುದ್ದಿಯೇ ಇದು: ಹೊಸ ಎನ್‌ಫೀಲ್ಡ್ ಬಂದೂಕಿನ ಕಾಗದದ ತೋಟೆಗೆ ಬಳಿದದ್ದು ಹಸುವಿನ ಮತ್ತು ಹಂದಿಯ ಕೊಬ್ಬು ಎಂಬುದು. ತೋಟೆಯ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದುದರಿಂದ ಹಿಂದೂ ಮುಸಲ್ಮಾನರಿಬ್ಬರ ಧರ್ಮಕ್ಕೂ ಅದು ತಟ್ಟಿತು. ಆ ತಿಂಗಳು ಮುಗಿಯುವುದರೊಳಗೆ ಸರ್ಕಾರದವರು ಎಚ್ಚತ್ತು, ಜಿಡ್ಡು ಹಚ್ಚದ ತೋಟೆಗಳನ್ನೇ ಕೊಟ್ಟು, ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ಹಚ್ಚಿಕೊಳ್ಳಬಹುದೆಂದು ಅಪ್ಪಣೆಮಾಡಿದರು. ಜೇನುಮೇಣವೂ ಎಣ್ಣೆಯೂ ಆ ಕೆಲಸವನ್ನು ಚೆನ್ನಾಗಿಯೇ ಮಾಡಬಲ್ಲವಾಗಿದ್ದವು. ಆದರೆ ಹೋದ ನಂಬುಗೆ ಮೇಣದಿಂದ ಅಂಟಲಿಲ್ಲ. ಇಂದು ಅಮೆರಿಕದ ಬಂದೂಕುಗಾರನು ಬಳಸುವ ಜಿಡ್ಡುಗಳಲ್ಲಿ ಮುಖ್ಯವಾದ ವಸ್ತು ಆ ಜೇನುಮೇಣವೇ ಎಂಬುದನ್ನು ಯೋಚಿಸಿದರೆ, ಅಧಿಕಾರಿಗಳಿಗೆ ಮೊದಲೇ ಈ ಬುದ್ಧಿ ಬಂದಿದ್ದರೆ ಏನಾಗುತ್ತಿತ್ತೋ ಎನ್ನಿಸದಿರದು.

ಗುಂಡು ಸಿದ್ಧವಾದ ಮೇಲೆ ತೋಟೆ ತುಂಬುವ ಕೆಲಸ. ಹಿತ್ತಾಳೆಯ ಬಾಯನ್ನು ಅತ್ಯಲ್ಪವಾಗಿ ಅಗಲಿಸದಿದ್ದರೆ ಅದರ ಅಂಚು ಮೆತುವಾದ ಗುಂಡಿನ ಮೈಯನ್ನು ಹೆರೆದುಹಾಕುತ್ತದೆ. ಹೊಸಬರು ಮರೆಯುವ ಹೆಜ್ಜೆ ಇದು. ಮದ್ದಿನ ತೂಕವನ್ನು ನಾವು ಇಲ್ಲಿ ಹೇಳುವುದಿಲ್ಲ. ಅದನ್ನು ಪ್ರಯೋಗಶಾಲೆಯವರು ಪ್ರಕಟಿಸಿದ ಪುಸ್ತಕದಿಂದ, ಆಯಾ ಬಂದೂಕಿಗೆ, ಆಯಾ ಗುಂಡಿಗೆ, ಆಯಾ ಮದ್ದಿಗೆ ಪ್ರತ್ಯೇಕವಾಗಿ ನೋಡಿಕೊಳ್ಳತಕ್ಕದ್ದೇ ಹೊರತು ಸ್ನೇಹಿತರ ಬಾಯಿಂದಲಾಗಲಿ ಪತ್ರಿಕೆಯ ಲೇಖನದಿಂದಾಗಲಿ ಅಲ್ಲ. ಆದರೆ ಒಂದು ಅಪಾಯವನ್ನು ಹೇಳದೆ ಬಿಡಲಾಗದು. ಅಂಗಡಿಯ ತೋಟೆಯ ಗುಂಡು ಸೆಕೆಂಡಿಗೆ 2,700 ಅಡಿಗೂ ಮೀರಿ ಹಾರುವ ರೈಫಲಿನಲ್ಲಿ ಎರಕದ ಗುಂಡನ್ನು ಮೊದಮೊದಲು 1,400ರಿಂದ 1,800 ಅಡಿಯ ವೇಗದಲ್ಲಿಯೇ ಹಾರಿಸುವುದು ಕ್ರಮ. ಇದಕ್ಕೆ ಬೇಗ ಉರಿಯುವ ಜಾತಿಯ ಮದ್ದು ಸ್ವಲ್ಪವೇ ಸಾಕು. ದೊಡ್ಡ ತೋಟೆಯ ತಳದಲ್ಲಿ ಅದು ಚಿಟಿಕೆಯಷ್ಟಾಗಿ ಬಿದ್ದಿರುತ್ತದೆ. ಮನಸ್ಸು ಬೇರೆಡೆಗೆ ಹೋದಾಗ ಅದೇ ತೋಟೆಗೆ ಎರಡನೆಯ ಸಲ ಮದ್ದು ಸುರಿದರೂ ಅದು ತುಂಬಿ ಹೊರಚೆಲ್ಲುವುದಿಲ್ಲ, ನೋಟಕ್ಕೆ ಬೀಳುವುದೂ ಇಲ್ಲ. ಅಂಥ ತೋಟೆ ಬಂದೂಕನ್ನೇ ಒಡೆದು ಹಿಡಿದವನ ಕಣ್ಣು ಕೈಗಳನ್ನು ತೆಗೆಯಬಲ್ಲುದು. ಮಿತವಾದ ಈಡೇ ಅತ್ಯಂತ ಅಪಾಯದ ಎಡೆಯೆಂಬುದು ವಿಪರೀತವೆನ್ನಿಸಿದರೂ ನಿಜ. ಆದುದರಿಂದ ಮೇಜಿನ ಮೇಲೆ ಒಂದಕ್ಕಿಂತ ಹೆಚ್ಚು ಮದ್ದಿನ ಡಬ್ಬಿಯನ್ನಿಡರು. ಬರಿಯ ತೋಟೆಗಳನ್ನು ತಲೆಕೆಳಗಾಗಿಟ್ಟು, ಮದ್ದು ಬಿದ್ದದ್ದನ್ನು ಮಾತ್ರ ನೆಟ್ಟಗೆ ನಿಲ್ಲಿಸುವರು. ಗುಂಡು ಕೂರಿಸುವ ಮುನ್ನ ದೀಪ ಹಿಡಿದು ಒಂದೊಂದರ ಒಳಗನ್ನೂ ನೋಡುವರು. ಆ ವೇಳೆ ಬಂದ ನೆಂಟನನ್ನು ಹೊರಗೆ ಕೂರಿಸಿದರೆ ಅಗೌರವವೆಂದು ಯಾರೂ ತಿಳಿಯಬೇಕಾಗಿಲ್ಲ.

ಮೊದಲನೆಯ ಪರೀಕ್ಷೆಯನ್ನು 50 ಗಜಗಳ ದೂರದಲ್ಲಿ ಮಾಡಿದರೆ ಸಾಕು. ಅದಕ್ಕೆ ಮುಂಚೆ ಹಿಂದಿನ ಗುಂಡುಗಳು ಬಿಟ್ಟುಹೋದ ತಾಮ್ರದ ಲೇಪವನ್ನು ನಳಿಗೆಯಿಂದ ಪೂರ್ತಿ ತೆಗೆದಿರಬೇಕು. ಇಲ್ಲವಾದರೆ ಸೀಸವು ಅದನ್ನು ಹಿಡಿದುಕೊಳ್ಳುತ್ತದೆ. ಹತ್ತು ಈಡುಗಳಾದ ಮೇಲೆ ಗುರಿಹಲಗೆಗಿಂತ ಮೊದಲು ನಳಿಗೆಯನ್ನು ನೋಡುವುದು ಬುದ್ಧಿವಂತರ ಲಕ್ಷಣ. ಹಿಂಬದಿಯಲ್ಲಿ ಸೀಸ ಹತ್ತಿದ್ದರೆ ಗುಂಡು ಸಣ್ಣದೆಂದೂ, ಬಾಯ ಕಡೆ ಹತ್ತಿದ್ದರೆ ಜಿಡ್ಡು ಅರ್ಧದಾರಿಯಲ್ಲೇ ತೀರಿತೆಂದೂ ಅನುಭವಿಗಳು ಹೇಳುವರು. ಯಾವುದಾದರೊಂದನ್ನು ಮಾತ್ರ ಬದಲಾಯಿಸಿ ಪುನಃ ಪರೀಕ್ಷಿಸಬೇಕು. ಲೋಹ, ಜಿಡ್ಡು, ಮದ್ದು ಮೂರನ್ನೂ ಒಂದೇ ದಿನ ಬದಲಿಸಿದವನು ಏನನ್ನೂ ಕಲಿಯಲಾರನು.

ಮದ್ದಿನ ಅಪಾಯ ಸದ್ದುಮಾಡಿ ಬರುತ್ತದೆ, ಸೀಸದ್ದು ಸದ್ದಿಲ್ಲದೆ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದು ಒಳಗೆ ಸಿಕ್ಕಿಕೊಂಡರೆ ಅದು ಕ್ಷಣದಲ್ಲಿ ಆವಿಯಾಗಿ ಮೂಸೆಯ ಲೋಹವನ್ನೆಲ್ಲ ಮುಖಕ್ಕೆ ಎರಚುವುದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಬೆರಳಿಗೆ ಹತ್ತಿದ ಧೂಳು ಅನ್ನದೊಡನೆ ಹೊಟ್ಟೆಗೆ ಹೋಗುವುದು, ಬಟ್ಟೆಯ ಮೂಲಕ ಮನೆಯ ಮಕ್ಕಳಿಗೆ ತಗಲುವುದು ಕಾಣುವುದಿಲ್ಲ. ಸೀಸದ ವಿಷಯದಲ್ಲಿ ನಿರಪಾಯವಾದ ಪ್ರಮಾಣವೆಂಬುದೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯವರ ಮತ. ಮಕ್ಕಳ ಬುದ್ಧಿಶಕ್ತಿಗೆ ಅದು ಮಾಡುವ ಹಾನಿ ತಿರುಗಿ ಸರಿಹೋಗದು. ಮೂಸೆಯ ಬಳಿ ತಿನ್ನುವುದು, ಸೇದುವುದು ಸಲ್ಲದು, ಕೆಲಸವಾದೊಡನೆ ಸಾಬೂನಿನಿಂದ ಕೈತೊಳೆಯಬೇಕು, ಮಕ್ಕಳಿರುವಲ್ಲಿ ಕಿಟ್ಟವನ್ನಿಡಬಾರದು. ಮನುಷ್ಯರಿಗಷ್ಟೇ ಅಲ್ಲ. ಕ್ಯಾಲಿಫೋರ್ನಿಯದಲ್ಲಿ ಬೇಟೆಯ ಅವಶೇಷವನ್ನು ತಿಂದ ಕಾಂಡರ್ ಎಂಬ ಅಪೂರ್ವ ಹದ್ದುಗಳು ಸೀಸದ ಚೂರಿನಿಂದ ಸತ್ತದ್ದರಿಂದ, 2019ರ ಜುಲೈ 1ರಿಂದ ಆ ಸಂಸ್ಥಾನದಲ್ಲಿ ಸೀಸದ ಗುಂಡಿನಿಂದ ಬೇಟೆಯಾಡುವುದನ್ನೇ ನಿಷೇಧಿಸಿದ್ದಾರೆ. ಮೊಳೆಸೀಸ ತೀರುತ್ತ ಬಂದ ಮೇಲೆ ಗುಂಡು ಎರೆಯುವವರಿಗೆ ಆಧಾರವಾಗಿದ್ದುದು ಮೋಟಾರು ಚಕ್ರದ ತೂಕ ಸರಿಪಡಿಸುವ ಸೀಸದ ತುಂಡು. ಅಮೆರಿಕದ ಹಲವು ಸಂಸ್ಥಾನಗಳು ಅದನ್ನೂ ನಿಷೇಧಿಸಿವೆ. ಈಗ ಬರುವ ತುಂಡುಗಳಲ್ಲಿ ಸತುವಿನವು ಬೆರೆತಿರುತ್ತವೆ. ಒಂದೆರಡು ಮೂಸೆಗೆ ಬಿದ್ದು ಕರಗಿದರೂ ಎರಕವೆಲ್ಲ ಕೆಡುತ್ತದೆ.

ಇದನ್ನು ಓದಿ ನಮ್ಮ ದೇಶದ ಯಾರಾದರೂ ಅಚ್ಚು ತರಿಸಲು ಹೊರಟರೆ, ಅವರು ಮೊದಲು ತಿಳಿಯಬೇಕಾದುದು ಕಾನೂನನ್ನು. 1857ರ ದಂಗೆಯ ಬೆನ್ನಿಗೇ ಸರ್ಕಾರದವರು ನಿಃಶಸ್ತ್ರೀಕರಣದ ಶಾಸನ ತಂದರು. ಅದನ್ನು ಒಪ್ಪದೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದೇ ನವೆಂಬರಿನಲ್ಲಿ ಎದುರುಬಿದ್ದರು. ದಂಡು ಬಂದು ಊರನ್ನು ಸುಟ್ಟಿತು; ಹಿಡಿದವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಉತ್ತರ ಕರ್ನಾಟಕದ ಲಾವಣಿಕಾರರು ಅದನ್ನು ಮರೆಯಗೊಡಲಿಲ್ಲ. 1878ರ ಆಯುಧಶಾಸನವು ಭಾರತೀಯನಿಗೆ ಲೈಸೆನ್ಸನ್ನು ವಿಧಿಸಿ ಯೂರೋಪಿಯನ್ನನಿಗೆ ವಿನಾಯಿತಿ ಕೊಟ್ಟಿತ್ತು. ಅಹಿಂಸಾವ್ರತಿಗಳಾದ ಗಾಂಧೀಜಿಯವರೇ 1918ರಲ್ಲಿ ಅದನ್ನು ಬ್ರಿಟಿಷ್ ಆಳ್ವಿಕೆಯ ಅತ್ಯಂತ ಕರಾಳ ಕೃತ್ಯವೆಂದು ಎಣಿಸಿದರು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೊಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. ಸ್ವತಂತ್ರ ಭಾರತದ 1959ರ ಶಾಸನವು ಜನಾಂಗಭೇದವನ್ನು ಕಳೆಯಿತಾದರೂ ಲೈಸೆನ್ಸಿನ ಕಟ್ಟನ್ನು ಉಳಿಸಿಕೊಂಡಿತು. ಅದರ 5ನೆಯ ಕಲಮಿನಂತೆ ಮದ್ದುಗುಂಡಿನ ತಯಾರಿಕೆಗೂ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯಾದ ಮೇಲೆ ಲೈಸೆನ್ಸಿಲ್ಲದೆ ತಯಾರಿಸಿದವನಿಗೆ ಕನಿಷ್ಠ 7 ವರ್ಷ, ಗರಿಷ್ಠ ಆಜೀವ ಕಾರಾಗೃಹ.

ಬಂದೂಕಿನ ಲೈಸೆನ್ಸ್ ಉಳ್ಳವರು ಅದೇ ಸಾಕೆಂದು ಭ್ರಮಿಸುವುದುಂಟು. ಇಟ್ಟುಕೊಳ್ಳುವ ಅನುಮತಿಯೇ ಬೇರೆ, ತಯಾರಿಸುವ ಅನುಮತಿಯೇ ಬೇರೆ. ಕೊಡಗಿನ ಜನರಿಗೆ 1861ರಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಅದು ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಗುರಿಕಾರಿಕೆಯ ಕ್ರೀಡೆಯಲ್ಲಿ ಪಳಗಿದವರಿಗೆ ತೋಟೆ ತುಂಬಿಕೊಳ್ಳುವ ಅವಕಾಶವನ್ನು ತಕ್ಕ ನಿರ್ಬಂಧಗಳೊಡನೆ ವಿಸ್ತರಿಸುವುದು ಯುಕ್ತವೆಂದು ನಮಗೆ ತೋರುತ್ತದೆ. ಅದನ್ನು ಕೇಳಬೇಕಾದುದು ಶಾಸನಸಭೆಯಲ್ಲಿ, ಹಿತ್ತಲಿನಲ್ಲಿ ಮೂಸೆ ಹೂಡುವುದರಿಂದಲ್ಲ. ಅಲ್ಲಿಯವರೆಗೆ ಆಸಕ್ತರು ಅಚ್ಚಿಗೆ ಹಣ ಕಳುಹಿಸುವ ಮುನ್ನ ತಮಗೆ ಲೈಸೆನ್ಸ್ ಕೊಟ್ಟ ಅಧಿಕಾರಿಗಳಿಗೆ ಅರ್ಜಿ ಬರೆದು, ಉತ್ತರವನ್ನು ಲಿಖಿತವಾಗಿ ಪಡೆದುಕೊಳ್ಳತಕ್ಕದ್ದು.